"ಎಷ್ಟನೇದು ಬಂದ್ಯಮ್ಮ?"

ರೇಸ್ ಇತ್ತು ಅಂತ ಗೊತ್ತಾದರೆ ಸಾಕು, ಫೋನಿನಲ್ಲಿ ಅಪ್ಪನ ಮೊದಲ ಮಾತು ಇದೇ. ಊಟ ಆಯ್ತಾ ಅನ್ನುವುದು ಆಮೇಲೆ. ಅಪ್ಪ ಒಬ್ಬರೇ ಅಲ್ಲ. ಭಾವ, ಚಿಕ್ಕಮ್ಮ, ಹೈಸ್ಕೂಲಿನ ಗೆಳತಿಯರು, ಎಲ್ಲರದೂ ಅದೇ ಪ್ರಶ್ನೆ. "138ನೇದು" ಅಂದರೆ ಆ ಕಡೆ ಸದ್ದೇ ಇಲ್ಲ. "ಒಟ್ಟು ಎಷ್ಟು ಜನ?" "142." "ಹೋಗ್ಲಿ ಬಿಡು, ಹುಷಾರಾಗಿರು."

ಒಂದು ಸಲ ಮಾತ್ರ "ಮೂರನೇದು" ಅಂದಿದ್ದೆ. ನನ್ನ ವಯಸ್ಸಿನ ಹೆಂಗಸರ ಗುಂಪಿನಲ್ಲಿ ಓಡಿದ್ದೇ ಮೂವರು. ಬಹುಮಾನ ಒಂದು ಡಬ್ಬಿ ಚಾಕೊಲೇಟ್. ಎಷ್ಟು ಜನ ಅಂತ ಅವತ್ತು ಅಪ್ಪ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನಿರುವುದು ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಒಂದು ಸಣ್ಣ ಊರಿನಲ್ಲಿ. ಓಡುವುದು ಫೆಲ್ ರೇಸ್. ಇಲ್ಲಿ ಉತ್ತರದ ಕಡೆ ಗುಡ್ಡಕ್ಕೆ ಫೆಲ್ ಅನ್ನುತ್ತಾರೆ. ಸಾವಿರ ವರ್ಷದ ಹಿಂದೆ ಬಂದು ನೆಲೆಸಿದ ವೈಕಿಂಗರು ಬಿಟ್ಟುಹೋದ ಪದ ಅದು. ಗುಡ್ಡ ಹತ್ತಬೇಕು, ತುದಿಯಲ್ಲಿ ನಿಂತವರಿಗೆ ಎದೆಯ ಮೇಲಿನ ನಂಬರ್ ತೋರಿಸಬೇಕು, ಇಳಿಯಬೇಕು. ಟಾರು ರಸ್ತೆ ಮರೆತುಬಿಡಿ, ಎಷ್ಟೋ ಕಡೆ ಕಾಲುದಾರಿಯೂ ಇರಲ್ಲ. ಹುಲ್ಲು, ಕೆಸರು, ಕಲ್ಲು, ಕುರಿ ಹಿಕ್ಕೆ. 1970ರಲ್ಲಿ ಶುರುವಾದ ಫೆಲ್ ರನ್ನರ್ಸ್ ಅಸೋಸಿಯೇಷನ್ ಈ ರೇಸ್‌ಗಳನ್ನು ಎ, ಬಿ, ಸಿ ಅಂತ ವಿಂಗಡಿಸುತ್ತದೆ. ಎ ಅಂದರೆ ಪ್ರತಿ ಕಿಲೋಮೀಟರಿಗೆ ಸರಾಸರಿ ಕಡಿಮೆಯೆಂದರೂ 50 ಮೀಟರ್ ಏರು.

ನಮ್ಮ ಕ್ಲಬ್ಬಿನವರ ಮನೆಬೆಟ್ಟ ಪೆಂಡಲ್ ಹಿಲ್. ಸುತ್ತಲ ಹಳ್ಳಿಯವರನ್ನು ಮಾಟ ಮಾಡಿದರು ಅಂತ ಹಿಡಿದು 1612ರಲ್ಲಿ ಗಲ್ಲಿಗೇರಿಸಿದ ಕತೆಯಿಂದ ಹೆಸರಾದ ಬೆಟ್ಟ. ಎತ್ತರ 557 ಮೀಟರ್. ಭಾವ ಇದನ್ನು ಗೂಗಲ್‌ನಲ್ಲಿ ನೋಡಿ ಬಿದ್ದು ಬಿದ್ದು ನಕ್ಕರು. "ಬೆಂಗಳೂರೇ 900 ಮೀಟರ್ ಮೇಲಿದೆ ಕಣಮ್ಮ. ನಿನ್ನ ಬೆಟ್ಟದ ತುದಿ ನಮ್ಮ ಮೆಜೆಸ್ಟಿಕ್ಕಿಗಿಂತ ಕೆಳಗಿದೆ!" ಲೆಕ್ಕ ಸರಿ. ಬಾರ್ಲಿ ಅನ್ನುವ ಹಳ್ಳಿಯ ಕಡೆಯಿಂದ ಭಾವ ಒಂದು ಸಲ ಹತ್ತಲಿ, ಆಮೇಲೆ ಮಾತಾಡೋಣ.

ಅಲ್ಲಿ ನಾವೂ ಓಡುವುದಿಲ್ಲ, ನಿಜ ಹೇಳಬೇಕಲ್ಲ. ಏರು ಕಡಿದಾದಾಗ ನನ್ನಂಥವರೆಲ್ಲ ಎರಡೂ ಕೈ ಮೊಣಕಾಲಿನ ಮೇಲಿಟ್ಟು, ಬೆನ್ನು ಬಗ್ಗಿಸಿ, ಒತ್ತಿ ಒತ್ತಿ ನಡೆಯುತ್ತೇವೆ. ನಾಟಿ ಮಾಡುವವರ ಸಾಲಿನ ಹಾಗೆ ಕಾಣುತ್ತದೆ. ಮಾತು ಇಲ್ಲ, ಉಸಿರು ಮಾತ್ರ. ಮಜಾ ಇರುವುದು ಇಳಿಯುವಾಗ. ಕಾಲಿಗೆ ಬ್ರೇಕ್ ಹಾಕಿದಿರೋ ತೊಡೆ ಉರಿಯುತ್ತದೆ, ಜಾರಿ ಕೂರುತ್ತೀರಿ. ಮೈಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟು, ಕಾಲನ್ನು ನಂಬಿ ಬಿಟ್ಟುಬಿಡಬೇಕು. ಕಣ್ಣು ಪಾದದ ಮೇಲಿರಬಾರದು, ನಾಲ್ಕೈದು ಹೆಜ್ಜೆ ಮುಂದಿರಬೇಕು. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ಎರಡು ಪ್ಯಾಂಟು ಹರಿಯಿತು. ಈ ಆಟದ ದೊಡ್ಡ ಹೆಸರು ಜಾಸ್ ನೇಲರ್, 2024ರಲ್ಲಿ ತೀರಿಕೊಂಡರು. ಕಸುಬಿನಲ್ಲಿ ಕುರಿಗಾರ. ಗುಡ್ಡದಲ್ಲಿ ಕುರಿಯ ಹಿಂದೆ ಓಡಿ ಬೆಳೆದವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ.

ಅಪ್ಪನ ಪ್ರಶ್ನೆಗೆ ಬರುತ್ತೇನೆ. ಉತ್ತರ ನನಗೆ ಸಿಕ್ಕಿದ್ದು ಮೂರನೇ ವರ್ಷ, ಒಂದು ಸಂಜೆ ರೇಸಿನಲ್ಲಿ. ಅದೂ ನನ್ನದೇ ತಪ್ಪಿನಿಂದ.

ತುದಿ ಮುಟ್ಟುವ ಹೊತ್ತಿಗೆ ಮೋಡ ಇಳಿದು ಬೆಟ್ಟದ ಮೇಲೆ ಕೂತಿತ್ತು. ಇಲ್ಲಿಯವರು ಅದಕ್ಕೆ ಕ್ಲ್ಯಾಗ್ ಅನ್ನುತ್ತಾರೆ. ಪೆಂಡಲ್‌ನ ನೆತ್ತಿ ಅಗಲ, ಚಪ್ಪಟೆ. ಮಂಜು ಬಿದ್ದರೆ ಯಾವ ಕಡೆ ನೋಡಿದರೂ ಒಂದೇ. ಸೊಂಟದ ಚೀಲದಲ್ಲಿ ಮ್ಯಾಪ್, ದಿಕ್ಸೂಚಿ, ಸೀಟಿ, ಮಳೆಯ ಕೋಟು ಎಲ್ಲ ಇತ್ತು. ಇರಲೇಬೇಕು, ಅದು ನಿಯಮ. ಆದರೆ ಹೊರಗೆ ತೆಗೆಯುವವರು ಯಾರು? ಮುಂದಿದ್ದವನ ಬೆನ್ನು ನೋಡಿಕೊಂಡು ಓಡಿದೆ. ಬೆನ್ನು ಮಾಯವಾಯಿತು. ಇಳಿಜಾರು ಸಿಕ್ಕಿತು, ಸುಮ್ನೆ ಇಳಿದೆ. ಮೋಡದಿಂದ ಹೊರಬಂದು ನೋಡಿದರೆ ಕೆಳಗೆ ಬಾರ್ಲಿ ಇಲ್ಲ, ಬೆಟ್ಟದ ಆ ಪಕ್ಕದ ಡೌನಮ್ ಇದೆ. ಫೋನ್‌ಗೆ ಸಿಗ್ನಲ್ ಇಲ್ಲ. ಮತ್ತೆ ಹತ್ತುವ ಧೈರ್ಯ ಇರಲಿಲ್ಲ. ರಸ್ತೆ ಹಿಡಿದು ಬೆಟ್ಟ ಸುತ್ತಿಕೊಂಡು ಬಂದೆ.

ಬಂದಾಗ ಕತ್ತಲಾಗಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಯಾಗಿತ್ತು. ಮನೆಗೆ ಹೋಗಬೇಕಿದ್ದ ಹತ್ತು ಹನ್ನೆರಡು ಜನ ಹೋಗಿರಲಿಲ್ಲ. ಇಬ್ಬರು ಒದ್ದೆ ಶೂಗಳನ್ನು ಮತ್ತೆ ಹಾಕಿಕೊಂಡು, ಟಾರ್ಚ್ ಹಿಡಿದು ಹೊರಡುತ್ತಿದ್ದರು. ನನ್ನನ್ನು ಹುಡುಕಲು! ಪಟ್ಟಿ ಹಿಡಿದಿದ್ದ ಹಿರಿಯ ಹೆಂಗಸು ನನ್ನ ನಂಬರ್ ನೋಡಿ ಒಂದು ಗೆರೆ ಎಳೆದರು. "ಲೆಕ್ಕ ಸರಿಯಾಯ್ತು" ಅಂದರು. ಎಷ್ಟು ಹೊತ್ತಾಯಿತು ಅಂತ ಕೇಳಲಿಲ್ಲ. ಟೀ ಕೊಟ್ಟರು. ಆಮೇಲೆ, ಟೀ ಮುಗಿದ ಮೇಲೆ, ದಿಕ್ಸೂಚಿ ಇರುವುದು ಚೀಲಕ್ಕೆ ಭಾರ ಆಗಲಿ ಅಂತಲಾ ಅಂದರು. ಅವರ ದನಿ ಜೋರಾಗೇನೂ ಇರಲಿಲ್ಲ. ಜೋರಾಗಿ ಬೈದಿದ್ದರೇ ವಾಸಿಯಿತ್ತು.

ಇಲ್ಲಿ ಗೆದ್ದವರಿಗೆ ಸಿಗುವುದು ಒಂದು ಬಾಟಲಿ ವೈನ್, ಚಪ್ಪಾಳೆ. ಆದರೆ ಮೇಲೆ ಹೋದವರು, ಕೆಳಗೆ ಬಂದವರು, ಎರಡೂ ಲೆಕ್ಕ ತಾಳೆಯಾಗುವವರೆಗೆ ರೇಸ್ ನಡೆಸುವವರ ಪಾಲಿಗೆ ರೇಸ್ ಮುಗಿಯುವುದಿಲ್ಲ. ಸುಸ್ತಾಗಿ ಅರ್ಧಕ್ಕೇ ಬಿಟ್ಟರೂ ಬಂದು ಹೇಳಿಯೇ ಹೋಗಬೇಕು. ಹೇಳದೆ ಕಾರು ಹತ್ತಿ ಮನೆಗೆ ಹೋದವರನ್ನು ಹುಡುಕಲು ಸಂಬಳವಿಲ್ಲದ ಜನ ರಾತ್ರಿ ಬೆಟ್ಟ ಹತ್ತಬೇಕಾಗುತ್ತದೆ. ಈಗ ವರ್ಷಕ್ಕೆರಡು ಸಲ ನಾನೂ ಓಡದೆ ತುದಿಯಲ್ಲಿ ನಿಲ್ಲುತ್ತೇನೆ. ಗಾಳಿಗೆ ಹಾಳೆ ಹಾರದಂತೆ ಹಿಡಿದು ನಂಬರ್ ಬರೆಯುವುದು ಓಡುವುದಕ್ಕಿಂತ ಕಷ್ಟ. ಬೆರಳು ಮರಗಟ್ಟುತ್ತದೆ.

ಅದಕ್ಕೇ ಈಗ ಅಪ್ಪನಿಗೆ ಹೇಳುವುದು ಬೇರೆ. "142 ಜನ ಹೋದ್ವಿ, 142 ಜನ ಬಂದ್ವಿ." ಅಪ್ಪ ಮೇಷ್ಟ್ರಾಗಿದ್ದವರು. ಮೊದಲ ಸಲ ಇದನ್ನು ಕೇಳಿದಾಗ, ಮಕ್ಕಳನ್ನು ಬೇಲೂರಿಗೆ ಟೂರ್ ಕರೆದುಕೊಂಡು ಹೋಗಿದ್ದು, ಬಸ್ ಹೊರಡುವಾಗ ಒಂದು ತಲೆ ಕಡಿಮೆ ಬಂದಿದ್ದು, ಆ ಹುಡುಗ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಮಲಗಿ ನಿದ್ದೆ ಹೊಡೆಯುತ್ತಿದ್ದದ್ದು ಎಲ್ಲ ಹೇಳಿದರು. ನನಗೆ ಗೊತ್ತೇ ಇರಲಿಲ್ಲ.

ಕಳೆದ ವಾರ ಫೋನ್ ಎತ್ತಿದವರೇ "ಎಲ್ಲಾ ಬಂದ್ರಾ?" ಅಂದರು.

"ಬಂದ್ರು ಅಪ್ಪ."

"ನೀನು?"

"ನಾನು ಬಂದಿದ್ದಕ್ಕೇ ಅಲ್ವಾ ಫೋನ್ ಮಾಡ್ತಿರೋದು?"

"ಅದಲ್ಲಮ್ಮ. ಎಷ್ಟನೇದು?"