ಗುಂಡಿಗಳ ಕೆಳಗೆ ಚಿನ್ನದ ಲೇಪ

ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮ್ ಕನ್ಸೋಲ್ ಒಂದನ್ನು ಕಾರವಾರದ ನಮ್ಮ ಮನೆಯಲ್ಲಿಯೇ ಕಟ್ಟುತ್ತಿದ್ದೇನೆ. ಅದರ ಸರ್ಕ್ಯೂಟ್ ಬೋರ್ಡನ್ನು ಮಾತ್ರ ಈ ಬಾರಿ ಮನೆಯಲ್ಲಿ ಮಾಡದೆ ಕಾರ್ಖಾನೆಯಿಂದ ತರಿಸಿದೆ. ಒಂದೇ ಬದಿಯಲ್ಲಿ ತಾಮ್ರವಿರುವ ಸರಳ ಬೋರ್ಡುಗಳಿಗೆ, ಲೇಸರ್ ಪ್ರಿಂಟನ್ನು ಇಸ್ತ್ರಿಪೆಟ್ಟಿಗೆಯಿಂದ ತಾಮ್ರದ ಮೇಲೆ ಒತ್ತಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುವ ಹಳೆಯ ವಿಧಾನವೇ ಸಾಕು. ಬೆರಳು ಮತ್ತು ಬಟ್ಟೆಗೆ ಹತ್ತುವ ಹಳದಿ ಕಲೆಯನ್ನು ಸಹಿಸಿಕೊಂಡರೆ ಆಯಿತು. ಆದರೆ ಕನ್ಸೋಲಿನ ಮಿದುಳಾಗಿ ನಾನು ಆರಿಸಿಕೊಂಡಿರುವ ಆರ್‌ಪಿ2040 ಚಿಪ್ 7 ಮಿಲಿಮೀಟರ್ ಚೌಕದಷ್ಟಿದ್ದು, ಅದರ ನಾಲ್ಕೂ ಅಂಚುಗಳಲ್ಲಿ ಒಟ್ಟು 56 ಪಿನ್‌ಗಳು 0.4 ಮಿಲಿಮೀಟರ್ ಅಂತರದಲ್ಲಿ ಕುಳಿತಿವೆ. ಬೋರ್ಡಿನ ಎರಡೂ ಬದಿಗಳನ್ನು ಜೋಡಿಸುವ ರಂಧ್ರಗಳ ಒಳಗೋಡೆಗೆ ತಾಮ್ರ ಲೇಪಿಸುವುದಂತೂ ಮನೆಯಲ್ಲಿ ಆಗುವ ಕೆಲಸವಲ್ಲ. ಚಿಕ್ಕ ಚಿಪ್ ಹಾಕಿಕೊಳ್ಳಬಹುದಿತ್ತಲ್ಲ ಎಂದರೆ, 320×240 ಚುಕ್ಕೆಗಳ ಬಣ್ಣದ ಪರದೆಯ ಒಂದು ಪೂರ್ಣ ಚಿತ್ರಕ್ಕೇ 1,53,600 ಬೈಟ್ ಮೆಮೊರಿ ಬೇಕಾಗುತ್ತದೆ, ಅದು ಹಿಡಿಸುವಂತೆ ಈ ಚಿಪ್‌ನಲ್ಲಿ 264 ಕಿಲೋಬೈಟ್ ರ‍್ಯಾಮ್ ಇದೆ.

ವಿನ್ಯಾಸ ಮಾಡಿದ್ದು ಕಿಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ. ಕಾರ್ಖಾನೆಗೆ ಕಳುಹಿಸಬೇಕಾದದ್ದು ಗರ್ಬರ್ ಕಡತಗಳನ್ನು, ಅಂದರೆ ಬೋರ್ಡಿನ ಪ್ರತಿ ಪದರದ ನಕ್ಷೆಗಳನ್ನು: ತಾಮ್ರದ ಪ್ರತಿ ಪದರಕ್ಕೆ, ತಾಮ್ರವನ್ನು ಮುಚ್ಚುವ ಹಸಿರು ಹೊದಿಕೆಗೆ, ಬಿಳಿ ಅಕ್ಷರಗಳಿಗೆ, ಹೊರ ಅಂಚಿಗೆ ಒಂದೊಂದು, ಜೊತೆಗೆ ರಂಧ್ರಗಳ ಕಡತ. ಇವೆಲ್ಲವನ್ನೂ ಜಿಪ್ ಮಾಡಿ ಜಾಲತಾಣಕ್ಕೆ ಏರಿಸಿದರೆ ದರ ತಾನಾಗಿಯೇ ಮೂಡುತ್ತದೆ. ಬೆಂಗಳೂರಿನಲ್ಲಿಯೂ ಗುಜರಾತಿನಲ್ಲಿಯೂ ಈ ಕೆಲಸ ಮಾಡಿಕೊಡುವವರಿದ್ದಾರೆ, ಚೀನಾದ ಶೆನ್‌ಜೆನ್‌ನಲ್ಲಂತೂ ಕೇಳುವುದೇ ಬೇಡ. ಚೀನಾದ ಕಾರ್ಖಾನೆಗಳು 100 ಮಿಲಿಮೀಟರ್ ಉದ್ದಗಲದೊಳಗಿನ ಎರಡು ಪದರದ ಐದು ಬೋರ್ಡುಗಳನ್ನು ಬಹಳ ಅಗ್ಗವಾಗಿ ಕೊಡುತ್ತವೆ. ಆ ಗೆರೆ ದಾಟಿದೊಡನೆ ದರ ಏರುವುದರಿಂದ ನನ್ನ ಬೋರ್ಡನ್ನು 96 ಮಿಲಿಮೀಟರ್ ಅಗಲಕ್ಕೆ ಹಿಡಿದಿಟ್ಟು, ಮೇಲೆ ಪರದೆ, ಕೆಳಗೆ ಗುಂಡಿಗಳು ಬರುವಂತೆ ಹೆಚ್ಚುಕಡಿಮೆ ಚೌಕವಾಗಿಸಿದೆ. ಆದರೆ ಜಾಲತಾಣದಲ್ಲಿ ಕಾಣುವ ಅಗ್ಗದ ದರವನ್ನು ನೋಡಿ ಹಿಗ್ಗುವಂತಿಲ್ಲ, ಏಕೆಂದರೆ ಸಾಗಣೆ ವೆಚ್ಚ, ಕಸ್ಟಮ್ಸ್ ಸುಂಕ, ಅದರ ಮೇಲಿನ ಜಿಎಸ್‌ಟಿ, ಕೊರಿಯರ್‌ನವರ ಸ್ವಂತ ಶುಲ್ಕ ಇವೆಲ್ಲ ಸೇರಿದಾಗ ಬೋರ್ಡಿನ ಬೆಲೆಯೇ ಒಟ್ಟು ಬಿಲ್ಲಿನ ಚಿಕ್ಕ ಭಾಗವಾಗಿಬಿಡುತ್ತದೆ.

ಆರ್ಡರ್ ಮಾಡುವಾಗ ಕೇಳುವ ಪ್ರಶ್ನೆಗಳಲ್ಲಿ ಬಹುತೇಕವನ್ನು ಇದ್ದ ಹಾಗೆಯೇ ಬಿಡಬಹುದು. 1.6 ಮಿಲಿಮೀಟರ್ ದಪ್ಪದ, ಗಾಜಿನ ನಾರು ಮತ್ತು ಎಪಾಕ್ಸಿಯ ಎಫ್‌ಆರ್4 ಹಲಗೆ, ಸುಮಾರು 35 ಮೈಕ್ರಾನ್ ದಪ್ಪದ ತಾಮ್ರ, ಇವು ನಮ್ಮಂಥ ಕೆಲಸಕ್ಕೆ ಸರಿಯಾಗಿಯೇ ಇವೆ. ನಾನು ನಿಂತು ಯೋಚಿಸಿದ್ದು ಬೆಸುಗೆಗಾಗಿ ತೆರೆದಿಡುವ ತಾಮ್ರವನ್ನು ಕಾಯುವ ಮೇಲ್ಮೈ ಲೇಪದ ಮುಂದೆ. ಅಲ್ಲಿ ಮುಖ್ಯವಾಗಿ ಎರಡು ಆಯ್ಕೆಗಳಿವೆ. ಎಚ್ಎಎಸ್ಎಲ್ ಎನ್ನುವುದು ಪಾತ್ರೆಗೆ ಕಲಾಯಿ ಹಾಕಿದಂತೆಯೇ ಸರಿ: ಬೋರ್ಡನ್ನು ಕರಗಿದ ಬೆಸುಗೆ ಲೋಹದಲ್ಲಿ ಅದ್ದಿ, ಹೆಚ್ಚಾದದ್ದನ್ನು ಬಿಸಿಗಾಳಿಯಿಂದ ಊದಿ ತೆಗೆಯುತ್ತಾರೆ. ಎನಿಗ್ ಎಂಬುದರಲ್ಲಿ ತಾಮ್ರದ ಮೇಲೆ ನಿಕ್ಕಲ್ ಪದರ, ಅದರ ಮೇಲೆ ಕಣ್ಣಿಗೆ ಹೊಳೆದರೂ ಒಂದು ಮೈಕ್ರಾನಿನ ಹತ್ತನೆಯ ಒಂದು ಭಾಗದಷ್ಟೂ ದಪ್ಪವಿಲ್ಲದ ಚಿನ್ನದ ಪದರ. ಬೆಲೆಯ ವ್ಯತ್ಯಾಸ ಎದ್ದು ಕಾಣುತ್ತದೆ. ಬಿಡಿಭಾಗಗಳನ್ನು ಬೆಸೆಯುವುದಷ್ಟೇ ಉದ್ದೇಶವಾಗಿದ್ದರೆ ನಾನು ಕಲಾಯಿಯನ್ನೇ ಆರಿಸುತ್ತಿದ್ದೆ.

ಆದರೆ ಗೇಮ್ ಕನ್ಸೋಲಿನ ಗುಂಡಿಗಳ ವಿಷಯ ಬೇರೆ. 1989ರ ಗೇಮ್ ಬಾಯ್‌ನಲ್ಲಿದ್ದ ಹಾಗೆ ನಾನು ರಬ್ಬರ್ ಹಾಸುಗಳನ್ನು ಬಳಸಿದ್ದೇನೆ. ಪ್ರತಿ ಗುಂಡಿಯ ಕೆಳಗೆ ರಬ್ಬರಿನಲ್ಲಿ ಒಂದು ಕರಿ ಇಂಗಾಲದ ಬಿಲ್ಲೆ ಇರುತ್ತದೆ. ಬೋರ್ಡಿನ ಮೇಲೆ ಬಾಚಣಿಗೆಯ ಹಲ್ಲುಗಳು ಒಂದರೊಳಗೊಂದು ಹೊಕ್ಕಂತೆ ಎರಡು ತಾಮ್ರದ ವಿನ್ಯಾಸಗಳಿರುತ್ತವೆ. ಗುಂಡಿ ಒತ್ತಿದಾಗ ಬಿಲ್ಲೆ ಇವೆರಡನ್ನೂ ಮುಟ್ಟಿ ಸಂಪರ್ಕ ಕೂಡಿಸುತ್ತದೆ. ಇಲ್ಲಿ ಬೆಸುಗೆಯಿಲ್ಲ, ಹೊದಿಕೆಯಿಲ್ಲ. ಲೋಹ ಗಾಳಿಗೆ ತೆರೆದೇ ಇರಬೇಕು. ಆ ಗಾಳಿಯಾದರೋ ಕಾರವಾರದ್ದು, ಉಪ್ಪಿನಂಶವೂ ತೇವವೂ ತುಂಬಿದ್ದು. ಪರಿಚಯದ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಒಂದು ಟಿವಿ ರಿಮೋಟನ್ನು ಕುತೂಹಲದಿಂದ ನೋಡಿದ್ದೆ. ಬ್ಯಾಟರಿಯ ಸ್ಪ್ರಿಂಗು ಕಿಲುಬು ಹಿಡಿದು ಹಸಿರಾಗಿತ್ತು, ಮುಟ್ಟಿದರೆ ಪುಡಿ ಉದುರುತ್ತಿತ್ತು. ಗುಂಡಿಗಳ ಕೆಳಗಿನ ಸಂಪರ್ಕಗಳು ಮಾತ್ರ ಧೂಳು ಒರೆಸಿದೊಡನೆ ಕಪ್ಪಾಗಿ, ನಯವಾಗಿ ಕಂಡವು. ರಿಮೋಟ್ ತಯಾರಕರು ಆ ಜಾಗದಲ್ಲಿ ತಾಮ್ರದ ಮೇಲೆ ಇಂಗಾಲದ ಶಾಯಿಯನ್ನು ಮುದ್ರಿಸಿರುತ್ತಾರೆ, ಇಂಗಾಲಕ್ಕೆ ಕಿಲುಬಿನ ಭಯವಿಲ್ಲ. ಐದು ಬೋರ್ಡಿನ ಆರ್ಡರಿಗೆ ಇಂಗಾಲದ ಮುದ್ರಣ ಹೇಳಿಸಿದ್ದಲ್ಲ. ಉಳಿದದ್ದು ಚಿನ್ನ. ಕಲಾಯಿಯ ಮೇಲ್ಮೈ ಸಮತಟ್ಟಾಗಿರುವುದಿಲ್ಲ, ಕ್ರಮೇಣ ಮಂಕಾಗಿ ಸಂಪರ್ಕವೂ ಸಡಿಲವಾಗುತ್ತದೆ. ಚಿನ್ನ ಮಂಕಾಗುವುದಿಲ್ಲ, ಸಮತಟ್ಟಾಗಿಯೂ ಇರುತ್ತದೆ. ಅಲ್ಲದೆ 0.4 ಮಿಲಿಮೀಟರ್ ಅಂತರದ ಪಿನ್‌ಗಳನ್ನು ಕೂರಿಸಲು ಅದೇ ಸಮತಟ್ಟು ನೆರವಾಗುತ್ತದೆ. ಬಣ್ಣಕ್ಕೋ ಆಕಾರಕ್ಕೋ ಹೆಚ್ಚು ಹಣ ಸುರಿಯುವ ಬದಲು ಹೆಬ್ಬೆರಳು ದಿನವೂ ಒತ್ತುವ ಜಾಗಕ್ಕೆ ಸುರಿಯುವುದೇ ಲೇಸೆಂದು, ಅದರಲ್ಲಿಯೂ ಕರಾವಳಿಯಲ್ಲಿ ಇರುವವರಿಗೆ, ನನ್ನ ಅಭಿಪ್ರಾಯ.

ಹಣ ಕಟ್ಟುವ ಮೊದಲು ಬೋರ್ಡಿನ ಚಿತ್ರವನ್ನು ನಿಜವಾದ ಅಳತೆಯಲ್ಲಿಯೇ ಕಾಗದದ ಮೇಲೆ ಮುದ್ರಿಸಿ, ಅದರ ಮೇಲೆ ರಬ್ಬರ್ ಹಾಸು, ಪರದೆ, ಯುಎಸ್‌ಬಿ-ಸಿ ಕನೆಕ್ಟರ್ ಎಲ್ಲವನ್ನೂ ಇಟ್ಟು ನೋಡಿದೆ. ತಂತ್ರಾಂಶದ ತಪಾಸಣೆಯು ತಂತಿಗಳ ನಡುವಣ ಅಂತರವನ್ನು ಹಿಡಿಯುತ್ತದೆಯೇ ಹೊರತು, ಎರಡು ಗುಂಡಿಗಳ ನಡುವೆ ಹೆಬ್ಬೆರಳು ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಅದು ಹಿಡಿಯದ ಇನ್ನೊಂದು ಸಂಗತಿ ಯುಎಸ್‌ಬಿ-ಸಿಯ ಎದುರಿನ ಸಾಧನವನ್ನು ಚಾರ್ಜರ್ ಗುರುತಿಸಲು ಬಳಸುವ ಎರಡು ಸಿಸಿ ಪಿನ್‌ಗಳದ್ದು: ಪ್ರತಿಯೊಂದರಿಂದ ಗ್ರೌಂಡಿಗೆ (ಸರ್ಕ್ಯೂಟಿನ ಋಣ ಬದಿಗೆ) 5.1 ಕಿಲೋ ಓಮ್ ರೆಸಿಸ್ಟರ್ ಹಾಕದಿದ್ದರೆ, ಎರಡೂ ತುದಿ ಸಿ ಇರುವ ಕೇಬಲ್ ಚುಚ್ಚಿದಾಗ ಚಾರ್ಜರ್ ವಿದ್ಯುತ್ತನ್ನೇ ಕೊಡುವುದಿಲ್ಲ. ಲಿಥಿಯಂ ಬ್ಯಾಟರಿಯ ಪುಟ್ಟ ಜೆಎಸ್‌ಟಿ ಕನೆಕ್ಟರಿನಲ್ಲಿಯೂ ಎಚ್ಚರ ಬೇಕು. ಯಾವ ಬದಿ ಧನ, ಯಾವ ಬದಿ ಋಣ ಎಂಬುದು ಮಾರುವವರಿಂದ ಮಾರುವವರಿಗೆ ಬದಲಾಗುತ್ತದೆ; ಕೆಂಪು ತಂತಿಯನ್ನು ನಂಬದೆ ಮಲ್ಟಿಮೀಟರನ್ನು ನಂಬುವುದು ಕ್ಷೇಮ.

ಬೋರ್ಡುಗಳು ಗಾಳಿ ತೆಗೆದ ಪ್ಲಾಸ್ಟಿಕ್ ಹೊದಿಕೆಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಬಂದವು. ಬೆಸುಗೆಗೆ ಕೂರುವ ಮೊದಲು 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇಲ್ಲವೆಂದು ನೋಡಿಕೊಂಡು, ಚಿನ್ನದ ಬಾಚಣಿಗೆಗಳ ಮೇಲೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿದೆ. ಬೆಸುಗೆಯ ಒಂದು ಹನಿ ಅಲ್ಲಿ ಬಿದ್ದರೆ ಕೊಟ್ಟ ಹಣ ಅಲ್ಲಿಗೇ ನೀರುಪಾಲು. ಬಳಸದೆ ಉಳಿದವನ್ನು ಅದೇ ಸಿಲಿಕಾ ಜೆಲ್ ಜೊತೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವುಗಳಲ್ಲಿ ಒಂದು ಶಿರಸಿಯಲ್ಲಿರುವ ಅಕ್ಕನ ಮಗನಿಗೆ. ಫೋಟೋ ನೋಡಿದವನು, “ಮುಂದಿನ ಸಲ ಕಪ್ಪು ಬಣ್ಣದ್ದು ತರ್ಸು ಮಾವ, ಚೆಂದ ಕಾಣ್ತದೆ” ಎಂದ. ಚೆಂದ ಕಾಣುವುದು ನಿಜ, ಆದರೆ ಕಪ್ಪು ಹೊದಿಕೆಯ ಕೆಳಗೆ ತಾಮ್ರದ ದಾರಿಗಳು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ದೋಷ ಹುಡುಕುವಾಗ ಅದೇ ತೊಡಕು. ಹಸಿರು ಬೋರ್ಡನ್ನೇ ಬಸ್ಸಿನಲ್ಲಿ ಹೊರಟವರ ಕೈಯಲ್ಲಿ ಕಳುಹಿಸಿದ್ದೇನೆ, ಚಿಪ್ ಬೆಸೆಯಲು ಅವನೇ ದಸರಾ ರಜೆಗೆ ಇಲ್ಲಿಗೆ ಬರುತ್ತಾನಂತೆ.