ಹಸು ಮಾರಿದ ಮೇಲೆ ಅಮ್ಮನ ನಡಿಗೆ ನಿಂತಿತು

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ. ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆ ಹಿಂದೆ ರೇಷ್ಮೆ ಹುಳು ಸಾಕೋ ಒಂದು ಹುಳು ಮನೆ. ಅಮ್ಮನಿಗೆ ಈಗ 72. ಮೂರು ವರ್ಷದ ಹಿಂದಿನವರೆಗೂ ಎರಡು ಸೀಮೆಹಸು ಇದ್ದವು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಮ್ಮ ಕ್ಯಾನು ಹಿಡಿದು ಡೈರಿಗೆ ಹೋಗುತ್ತಿದ್ದಳು. ಹೋಗೋಕೆ ಹತ್ತು ನಿಮಿಷ, ಬರೋಕೆ ಹತ್ತು ನಿಮಿಷ.

"ಇಷ್ಟು ವರ್ಷ ದುಡಿದಿದ್ದು ಸಾಕಮ್ಮ, ಇನ್ನು ಸುಮ್ನೆ ಕೂತ್ಕೋ" ಅಂತ ಹಸು ಮಾರಿಸಿದ್ದು ನಾನೇ. ಅಮ್ಮನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಅಮ್ಮನೂ ಹೇಳಿದ ಹಾಗೆ ಕೂತಳು. ಮೊದಲು ಜಗಲಿ ಮೇಲೆ, ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಆಮೇಲೆ ಟಿವಿ ಮುಂದೆ. ಎರಡೇ ವರ್ಷ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹಗಲು ರಾತ್ರಿ ಸೊಪ್ಪು ಹಾಕುತ್ತಿದ್ದ ಹೆಂಗಸಿಗೆ ಕುಕ್ಕರಗಾಲಲ್ಲಿ ಕೂರೋಕೆ ಆಗದೆ ಹೋಯಿತು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ತೋರಿಸಿದ ಕಡೆ, "ವಯಸ್ಸಾಯ್ತಲ್ಲ, ಓಡಾಡೋದು ಕಮ್ಮಿ ಮಾಡಿ" ಅಂದರು. ನಾವು ಇನ್ನೂ ಕಮ್ಮಿ ಮಾಡಿಸಿದೆವು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ದಾರಿ ಸಿಕ್ಕಿದ್ದು ನಮ್ಮ ಸಬ್ ಸೆಂಟರಿನಲ್ಲಿ. ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ, ನಾವೆಲ್ಲ ಕರೆಯೋದು ಸಬ್ ಸೆಂಟರ್ ಅಂತಲೇ. ತಿಂಗಳಿಗೊಂದು ಸಲ ಬಿಪಿ, ಶುಗರ್ ಮಾತ್ರೆಗೆ ಊರಿನ ವಯಸ್ಸಾದವರೆಲ್ಲ ಅಲ್ಲಿ ಸೇರುತ್ತಾರೆ. ಅಲ್ಲಿರುವ ಸಿಹೆಚ್‌ಒ ಮೇಡಂ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಚಿಕ್ಕ ವಯಸ್ಸಿನವರು. ಒಂದು ಗುರುವಾರ ಬಿಪಿ ನೋಡಿ, ಮಾತ್ರೆ ಕೊಡುವ ಮೊದಲು ಅಮ್ಮನನ್ನು ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂರಿಸಿದರು. "ಅಜ್ಜಿ, ಎರಡೂ ಕೈ ಎದೆ ಮೇಲೆ ಕಟ್ಕೊಳ್ಳಿ. ಕೈ ಊರದೆ ಎದ್ದು ನಿಲ್ಲಿ, ಮತ್ತೆ ಕೂತ್ಕೊಳ್ಳಿ. ಮೂವತ್ತು ಸೆಕೆಂಡಲ್ಲಿ ಎಷ್ಟು ಸಲ ಆಗುತ್ತೋ ನೋಡೋಣ."

ಅಮ್ಮ ಮುಂದಕ್ಕೆ ಬಾಗಿದಳು. ತೊಡೆ ನಡುಗಿತು. ಅರ್ಧಕ್ಕೆ ಎದ್ದವಳು ಧೊಪ್ಪೆಂದು ಕೂತಳು. ಇನ್ನೊಂದು ಸಲ ಬಾಗಿ, ಕೈ ತಾನಾಗೇ ಕುರ್ಚಿಯ ಹಿಡಿಗೆ ಹೋಯಿತು. ಕೈ ಊರಿದರೆ ಲೆಕ್ಕಕ್ಕಿಲ್ಲ. ಸೊನ್ನೆ. 70ರಿಂದ 79 ವರ್ಷದ ಹೆಂಗಸರು ಹತ್ತು ಸಲವಾದರೂ ಏಳಬೇಕು, ಅದಕ್ಕಿಂತ ಕಮ್ಮಿಯಾದರೆ ಬೀಳುವ ಅಪಾಯ ಜಾಸ್ತಿ ಅಂತ ಮೇಡಂ ಹೇಳಿದರು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ.

ಅವರು ಇನ್ನೊಂದು ವಿಷಯ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಪ್ರಕಾರ 65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು. ಕಾಲಿಗೆ ಬಲ ಬರುವ, ಆಯ ತಪ್ಪದಂತೆ ನಿಲ್ಲುವ ಅಭ್ಯಾಸ ವಾರಕ್ಕೆ ಮೂರು ದಿನ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬರೀ ಡೈರಿಗೆ ಹೋಗಿ ಬಂದೇ ಅಮ್ಮ ವಾರಕ್ಕೆ 280 ನಿಮಿಷ ನಡೆಯುತ್ತಿದ್ದಳು!

ಆವತ್ತಿಂದ ಮಾತ್ರೆ ದಿನವೇ ವ್ಯಾಯಾಮದ ದಿನವೂ ಆಯಿತು. ಆಮೇಲೆ ವಾರಕ್ಕೆ ಮೂರು ದಿನಕ್ಕೆ ಬಂತು, ಬೆಳಿಗ್ಗೆ ಏಳೂವರೆಗೆ, ಬಿಸಿಲು ಏರುವ ಮೊದಲು. ಅಜ್ಜಿಯರಿಗೆ ಮೊದಮೊದಲು ನಾಚಿಕೆ. ಗಂಡಸರ ಮುಂದೆ ಕೈ ಎತ್ತಿ ಇಳಿಸೋದು ಹೇಗೆ? ಎಳೇ ಮಕ್ಕಳಾಟ ಅಂತ ಎದ್ದು ಹೋದವರೂ ಇದ್ದರು. ಮೇಡಂ ದಾರಿ ಬದಲಾಯಿಸಿದರು. ಬೀಸೋ ಕಲ್ಲು ತಿರುಗಿಸೋ ಹಾಗೆ ತಿರುಗಿಸಿ ಅಂದರು, ಬಾವಿಯಿಂದ ನೀರು ಸೇದೋ ಹಾಗೆ ಎಳೆಯಿರಿ ಅಂದರು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ ಗೋಡೆ ಪಕ್ಕ ನಡೆಯಬೇಕಿತ್ತು. ಅದಕ್ಕೆ, "ಗದ್ದೆ ಬದುವಿನ ಮೇಲೆ ಹೋಗ್ತೀರಲ್ಲ, ಹಾಗೆ" ಅಂದರು. ಆಗ ನೋಡಬೇಕಿತ್ತು. ಆ ಕೈಗಳಿಗೆ, ಕಾಲುಗಳಿಗೆ ಎಲ್ಲ ನೆನಪಿತ್ತು.

ಎಲ್ಲರಿಗೂ ಒಂದೇ ಅಳತೆ ಇರಲಿಲ್ಲ. ಬಿಪಿ ಜಾಸ್ತಿ ಇದ್ದವರನ್ನು ಆ ದಿನ ಸುಮ್ಮನೆ ಕೂರಿಸುತ್ತಿದ್ದರು. ಶುಗರ್ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ಬರಬಾರದು. ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಅದು ವರ್ಷಗಟ್ಟಲೆ ಮೈ ಸೇರಿದರೆ ಕೀಲು, ಬೆನ್ನು ಬಿಗಿಯುತ್ತದೆ. ಅಂಥವರನ್ನು ದೊಡ್ಡಾಸ್ಪತ್ರೆಗೆ ತೋರಿಸಿಕೊಂಡು ಬನ್ನಿ ಅಂತ ಕಳಿಸಿದರು. ಬರೀ ವಯಸ್ಸು ಅಂದುಕೊಂಡು ಬಿಡಬಾರದು ಅನ್ನೋದು ನನಗೆ ಆಗಲೇ ತಿಳಿದಿದ್ದು.

ನಡುವೆ ಮೇಡಂ ತರಬೇತಿಗೆ ಹೋದರು. ಮೂರು ವಾರ ಎಲ್ಲ ನಿಂತೇ ಹೋಯಿತು. ಕೊನೆಗೆ ಮೇಲಿನ ಬೀದಿ ತಾತ ಒಬ್ಬರು ಮನೆ ಮನೆಗೆ ಹೋಗಿ "ಬನ್ರಮ್ಮ, ಬನ್ರಪ್ಪ" ಅಂತ ಕರೆದು, ಸಬ್ ಸೆಂಟರ್ ಮೆಟ್ಟಿಲ ಮುಂದೆ ತಾವೇ ಎಣಿಸಿ ಮಾಡಿಸಿದರು. ಈಗಲೂ ಎಣಿಸೋದು ಅವರೇ.

ಇದಕ್ಕೆ ಬೇಕಾಗಿದ್ದು ನಾಲ್ಕು ಕುರ್ಚಿ, ಒಂದು ಗೋಡೆ, ಒಂದಷ್ಟು ನೆರಳು, ಅರ್ಧ ಗಂಟೆ. ಜೂನ್ 21ರ ಯೋಗ ದಿನ ಒಂದು ದಿನಕ್ಕೆ ಮುಗಿಯುತ್ತದೆ. ಮಾತ್ರೆ ದಿನ ಪ್ರತಿ ತಿಂಗಳೂ ಬರುತ್ತದೆ, ವಯಸ್ಸಾದವರು ತಾವಾಗೇ ಬಂದು ಕೂತಿರುತ್ತಾರೆ. ಪ್ರತಿ ಊರಿನ ಸಬ್ ಸೆಂಟರಿನಲ್ಲೂ ಅವತ್ತಿಂದಲೇ ಶುರು ಮಾಡಬಹುದು ಅಲ್ವಾ? ನಿಮ್ಮೂರಲ್ಲಿ ಇಲ್ಲದಿದ್ದರೆ ಮುಂದಿನ ಸಲ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋದಾಗ ನೀವೇ ಕೇಳಿ.

ಅಮ್ಮನ ಲೆಕ್ಕ ಎರಡನೇ ತಿಂಗಳಿಗೆ ಆರಕ್ಕೆ ಬಂತು. ಐದನೇ ತಿಂಗಳಿಗೆ ಹನ್ನೊಂದು. ಹೋದ ವಾರ ಊಟಕ್ಕೆ ಕೂತಾಗ, "ಒಂದು ಕರು ಕಟ್ಟೋಣ ಕಣೋ" ಅಂದಳು. ನಾನು, ನನ್ನ ಹೆಂಡತಿ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಅಮ್ಮ ಮಾತ್ರ ಕೊಟ್ಟಿಗೆ ಗುಡಿಸಿ, ಗೋದಲಿ ತೊಳೆದಿಟ್ಟಿದ್ದಾಳೆ.