ಕಷಾಯದ ಹಾಲು ಒಡೆಯುವ ರಗಳೆ: ಆರನೇ ಪಾತ್ರೆಗೆ ಉತ್ತರ ಸಿಕ್ಕಿತು

ಪುಡಿಯ ಲೆಕ್ಕ ಕುದುರಿದೆ: 100 ಗ್ರಾಂ ಕೊತ್ತಂಬರಿ ಬೀಜಕ್ಕೆ 50 ಜೀರಿಗೆ, 20 ಸೋಂಪು, 10 ಕಾಳುಮೆಣಸು, 5 ಮೆಂತ್ಯ. ಮೆಂತ್ಯ ಹೆಚ್ಚಾದರೆ ಕಹಿ. ಹುರಿಯುವುದು, ಪುಡಿ ಮಾಡುವುದು ಎಲ್ಲರಿಗೂ ಗೊತ್ತಿರುವುದೇ. ಪ್ರಾಣ ತಿಂದದ್ದು ಹಾಲು. 150 ಎಂಎಲ್ ನೀರು, ಒಂದು ಚಮಚ ಪುಡಿ, ಜಜ್ಜಿದ ಹಸಿಶುಂಠಿ, 10 ಗ್ರಾಂ ಬೆಲ್ಲ, 50 ಎಂಎಲ್ ಹಾಲು. ಇದೇ ಅಳತೆ ಒಂದು ದಿನ ಕಷಾಯ, ಮರುದಿನ ಪನೀರು.

ಮೊದಲು ಬೈಸಿಕೊಳ್ಳುವುದು ಹಾಲೇ. ಅದೇ ಪ್ಯಾಕೆಟ್ಟಿನ ಹಾಲನ್ನು ಬರೀ ಕುದಿಸಿದಾಗ ಒಡೆಯಲಿಲ್ಲ ಅಂದರೆ ಹಾಲು ನಿರಪರಾಧಿ.

ಎರಡನೇ ಆರೋಪಿ ಹಸಿಶುಂಠಿ. ಅದರಲ್ಲಿ ಹಾಲಿನ ಪ್ರೋಟೀನ್ ಕತ್ತರಿಸುವ ಕಿಣ್ವ ಇದೆ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದರ ಆಟ ಜೋರು, ಕುದಿಸಿದರೆ ಸತ್ತೇಹೋಗುತ್ತದೆ. ಹಾಗಾಗಿ ಶುಂಠಿಯನ್ನು ನೀರಿನ ಜೊತೆಗೇ ಹಾಕಿ 5 ನಿಮಿಷ ಕುದಿಸಿ, ಆಮೇಲೆ ಹಾಲು. ಕೊನೆಗೆ ‘ಘಮಕ್ಕೆ’ ಅಂತ ಹಸಿಶುಂಠಿ ತುರಿದು ಹಾಕುವ ಚಟ ಇದ್ದರೆ ಬಿಡಿ. ಶುಂಠಿಯಿಂದ ಕೆಟ್ಟದ್ದು ಮೆತ್ತಗೆ, ಮೊಸರಿನ ಹಾಗೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಆಗುತ್ತಿದ್ದದ್ದು ರವೆಯಂಥ ಕಾಳು, ಮೇಲೆ ತಿಳಿನೀರು. ಅಂದರೆ ಹುಳಿ.

ಹುಳಿ ಎಲ್ಲಿಂದ? ಬೆಲ್ಲದಿಂದ! ಕಬ್ಬಿನ ಹಾಲು ಮೂಲದಲ್ಲೇ ತುಸು ಆಮ್ಲೀಯ. ಆಲೆಮನೆಯಲ್ಲಿ ಸುಣ್ಣ ಹಾಕುವುದು ಅದನ್ನು ತಗ್ಗಿಸಲಿಕ್ಕೇ. ಸುಣ್ಣ ಕಡಿಮೆಯಾದರೆ, ಅಥವಾ ಮಳೆಗಾಲದಲ್ಲಿ ಬೆಲ್ಲ ನೀರು ಬಿಟ್ಟು ಒಳಗೇ ಹುದುಗು ಬಂದರೆ, ಹುಳಿ ಉಳಿಯುತ್ತದೆ. ತಣ್ಣನೆಯ ಹಾಲು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ರ ಹತ್ತಿರ ಬರುವ ತನಕ ತಾಳೀತು. ಕುದಿಯುವ ಹಾಲಿಗೆ ಅಷ್ಟು ತಾಳ್ಮೆ ಇಲ್ಲ, ಬಹಳ ಮೊದಲೇ ಒಡೆಯುತ್ತದೆ. ಅಂಗಡಿಯವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ‘ಆರ್ಗ್ಯಾನಿಕ್ ಸಾರ್, ಕೆಮಿಕಲ್ ಇಲ್ಲ.’ ಸುಣ್ಣ ಹಾಕಿದ್ದಾರಾ ಅಂದರೆ ಮುಖ ನೋಡುತ್ತಾರೆ.

ಪರೀಕ್ಷೆ ಹೀಗೆ: 5 ಗ್ರಾಂ ಬೆಲ್ಲವನ್ನು 50 ಎಂಎಲ್ ನೀರಿನಲ್ಲಿ ಕರಗಿಸಿ ಪಿಎಚ್ ಪಟ್ಟಿ ಅದ್ದಿ. ಕಷಾಯದಲ್ಲೇ ಅದ್ದಿದರೆ ಕಂದು ಬಣ್ಣ ಕೂತು ಪಟ್ಟಿ ವ್ಯರ್ಥ. 6ರ ಮೇಲಿದ್ದ ಅಚ್ಚು ಸುಮ್ಮನಿತ್ತು. 5ರ ಹತ್ತಿರ ತೋರಿಸಿದ್ದು ಪ್ರತಿ ಸಲವೂ ಒಡೆಯಿತು. ಪಟ್ಟಿ ಇಲ್ಲದಿದ್ದರೆ ಒಂದು ಲೋಟ ಬಿಸಿ ಹಾಲಿಗೆ ಒಂದು ತುಂಡು ಹಾಕಿ ಕುದಿಸಿದರೂ ಸಾಕು, ಲೋಟ ಹಾಲು ಕೈಬಿಟ್ಟಿತು ಅಷ್ಟೇ.

ಹುಳಿ ತಗ್ಗಿಸಲು ಅಡುಗೆ ಸೋಡಾ ಹಾಕುವ ಪರಿಹಾರ ಅರ್ಧ ಗೆದ್ದಿತು. ಲೋಟಕ್ಕೆ ಸಾಸಿವೆಕಾಳಿನಷ್ಟು ಸರಿ. ಕಡಲೆಕಾಳಿನಷ್ಟಾದರೆ ಸೋಪು ಕುಡಿದ ಹಾಗೆ. ನಿಜವಾಗಿ ಗೆದ್ದದ್ದು ಕ್ರಮ ಬದಲಾವಣೆ: ನೀರು, ಪುಡಿ, ಶುಂಠಿ ಕುದಿದ ಮೇಲೆ ಕಾಯಿಸಿದ ಹಾಲು ಸೇರಿಸಿ, ಒಂದು ಉಕ್ಕು ಬಂದೊಡನೆ ಒಲೆ ಆರಿಸಿ, ಸೋಸಿ, 3 ನಿಮಿಷ ಬಿಟ್ಟು, ಬೆಲ್ಲವನ್ನು ಲೋಟದಲ್ಲೇ ಕರಗಿಸುವುದು. ಬೆಲ್ಲ ಬಿದ್ದ ಮೇಲೆ ಮತ್ತೆ ಒಲೆಗೆ ಇಡಬಾರದು. ಹುಳಿ ಅಚ್ಚು ಕೂಡ ಹೀಗೆ ದಕ್ಕಿತು.

ಬಾಯಾರಿಕೆಗೆ ದಿನವಿಡೀ ಕುಡಿಯುವವರಿಗೆ ಈ ತಾಪತ್ರಯವೇ ಬೇಡ. ನಾಲ್ಕು ಲೋಟಕ್ಕೆ 40 ಗ್ರಾಂ ಬೆಲ್ಲ ಹೊಟ್ಟೆ ಸೇರುತ್ತದೆ, ಕಮ್ಮಿಯಲ್ಲ. ಒಂದು ಲೀಟರ್ ನೀರಿಗೆ ಎರಡು ಚಮಚ ಪುಡಿ, 5 ನಿಮಿಷ ಕುದಿ, ಸೋಸಿ ಫ್ಲಾಸ್ಕಿಗೆ. ಹಾಲಿಲ್ಲ, ಬೆಲ್ಲ ಇಲ್ಲ, ಕೆಫೀನೂ ಇಲ್ಲ.

ಪಿಎಚ್ ಪಟ್ಟಿ ಖಾಲಿಯಾಗಿ ಶಂಖಪುಷ್ಪದ ನೀಲಿ ನೀರಿನ ಮೇಲೆ ಕಣ್ಣು ಬಿದ್ದಿದೆ. ನಿಂಬೆರಸಕ್ಕೆ ನೇರಳೆಯಾಗುವ ಬಣ್ಣ ಬೆಲ್ಲದ ಹುಳಿಯನ್ನೂ ತೋರಿಸೀತೇ? ಅದರ ನೀಲಿಯನ್ನು ಬೆಲ್ಲದ ಕಂದು ನುಂಗುವ ಭಯ ಇದೆ. ಶೋಧಕ ಕಾಗದಕ್ಕೆ ಹೂವಿನ ರಸ ಹಚ್ಚಿ ನೆರಳಲ್ಲಿ ಒಣಗಲು ಇಟ್ಟಾಗಿದೆ.